ಕಣ್ಣಳತೆ, ಕೈಯಳತೆ ಮತ್ತು ಭೌತಶಾಸ್ತ್ರ

ಮಲೆನಾಡಿನ ಊರೊಂದರಿಂದ ತಾಯಿಯೊಬ್ಬರು ಬರೆದ ಪತ್ರ ಎರಡು ವಾರದಿಂದ ನನ್ನ ಮೇಜಿನ ಮೇಲಿದೆ. ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು 'ಅದು ಏಕೆ, ಇದು ಹೇಗೆ' ಎಂದು ಕೇಳುವಂಥವು. ಗೊತ್ತಿದ್ದರೆ ಉತ್ತರ ಬರೆಯುತ್ತೇನೆ. ಇಲ್ಲವಾದರೆ ತಿಳಿದವರನ್ನು ಕೇಳಿ ಬರೆಯುತ್ತೇನೆ. ಈ ಪತ್ರ ಆ ಬಗೆಯದಲ್ಲ. ಅದಕ್ಕೇ ಇಷ್ಟು ದಿನ ಹಿಡಿಯಿತು.

ಆ ತಾಯಿಯ ಮಗಳು ಚಿಕ್ಕಂದಿನಿಂದಲೂ ಮನೆಯ ಸಾಮಾನುಗಳನ್ನು ಬಿಚ್ಚುವವಳು. ಕೆಟ್ಟುಹೋದ ಗಡಿಯಾರ, ಟಾರ್ಚು, ಸೈಕಲ್ಲಿನ ಡೈನಮೊ ಯಾವುದೂ ಅವಳ ಕೈಗೆ ಸಿಕ್ಕರೆ ಉಳಿಯುತ್ತಿರಲಿಲ್ಲ. ಕೊಟ್ಟಿಗೆಯ ತೊಲೆಗೆ ಹಗ್ಗ ಕಟ್ಟಿ, ತುದಿಗೆ ಕಲ್ಲು ಬಿಗಿದು, ತೂಗಿಬಿಟ್ಟು ನೋಡುತ್ತ ಕೂರುತ್ತಿದ್ದಳಂತೆ. ಎಸ್ಸೆಸ್ಸೆಲ್ಸಿಗೆ ಬಂದಾಗ ಟ್ಯೂಷನ್ನಿನ ಮೇಷ್ಟರು, "ಇದರಿಂದ ಅಂಕ ಬರುವುದಿಲ್ಲ, ಬಿಡಿಸಿ" ಎಂದರು. ತಾಯಿ ಅವಳ ಸ್ಕ್ರೂ ಡ್ರೈವರ್, ತಂತಿ, ಅಯಸ್ಕಾಂತಗಳಿದ್ದ ಬಿಸ್ಕತ್ತಿನ ಡಬ್ಬವನ್ನು ಅಟ್ಟದ ಮೇಲಿಟ್ಟರು. ಹುಡುಗಿ ಅತ್ತಳು, ಆಮೇಲೆ ಓದಿಗೆ ಕುಳಿತಳು. ಈಗ ದ್ವಿತೀಯ ಪಿಯುಸಿ. ಭೌತಶಾಸ್ತ್ರದಲ್ಲಿ ಒಳ್ಳೆಯ ಅಂಕ ಬರುತ್ತಿದೆ.

"ಹೋದ ತಿಂಗಳು ಅವಳ ತಮ್ಮ, ಕುಕ್ಕರಿನ ವೆಯ್ಟು ಏಕೆ ಎದ್ದೆದ್ದು ಬೀಳುತ್ತದೆ ಅಕ್ಕ ಎಂದು ಕೇಳಿದ. ಅದು ಸಿಲಬಸ್ಸಿನಲ್ಲಿಲ್ಲ ಎಂದಳು. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ನಾನು ತಪ್ಪು ಮಾಡಿದೆನೆ? ಡಬ್ಬ ಇನ್ನೂ ಅಟ್ಟದ ಮೇಲೇ ಇದೆ. ಇಳಿಸಲೇ, ಬೇಡವೇ? ಪರೀಕ್ಷೆಗೆ ಇನ್ನು ಕೆಲವೇ ತಿಂಗಳಿದೆ." ಪತ್ರ ಹೀಗೆ ಮುಗಿಯುತ್ತದೆ.

ಉತ್ತರ ಬರೆಯುವ ಮೊದಲು ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ.

10.86ರ ಕಥೆ

ನಾನು ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಕಾಲದ ಮಾತು. ಪಿಯುಸಿ ವಿದ್ಯಾರ್ಥಿಗಳಿಗೆ ಸರಳ ಲೋಲಕದ ಪ್ರಯೋಗ ನಡೆಯುತ್ತಿತ್ತು. ದಾರಕ್ಕೆ ಲೋಹದ ಗುಂಡು ಕಟ್ಟಿ ಇಳಿಬಿಡುವುದು, ಮೆಲ್ಲಗೆ ಒಂದು ಪಕ್ಕಕ್ಕೆ ಸರಿಸಿ ಬಿಡುವುದು, ಹೋಗಿ ಬರುವ 20 ತೂಗಾಟಕ್ಕೆ ಎಷ್ಟು ಸೆಕೆಂಡು ಹಿಡಿಯಿತೆಂದು ಅಳೆಯುವುದು. ಅದರಿಂದ ಭೂಮಿಯ ಗುರುತ್ವ ವೇಗೋತ್ಕರ್ಷವನ್ನು ಲೆಕ್ಕ ಹಾಕುವುದು. ಉತ್ತರ ಎಲ್ಲರಿಗೂ ಮೊದಲೇ ಗೊತ್ತು: 9.8.

ಒಬ್ಬ ಹುಡುಗ ತನ್ನ ಪುಸ್ತಕ ತಂದು ತೋರಿಸಿದ. ದಾರದ ಉದ್ದ 1 ಮೀಟರ್. 20 ತೂಗಾಟಕ್ಕೆ 38 ಸೆಕೆಂಡಿಗೆ ತುಸು ಹೆಚ್ಚು. ಉತ್ತರ 10.86. ನಾನು ಕೆಂಪು ಶಾಯಿಯಲ್ಲಿ ಆ ಸಂಖ್ಯೆಗೆ ಸುತ್ತು ಹಾಕಿ, "ತಪ್ಪು, ಹೋಗಿ ಮತ್ತೆ ಮಾಡು" ಎಂದೆ. ಹತ್ತು ನಿಮಿಷದಲ್ಲಿ ಬಂದ. ಈಗ ಉತ್ತರ 9.81. ಹತ್ತು ನಿಮಿಷದಲ್ಲಿ ಅಷ್ಟೂ ಅಳತೆ ಮತ್ತೆ ಮಾಡಲು ಸಾಧ್ಯವಿಲ್ಲವೆಂದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಉತ್ತರದಿಂದ ಹಿಂದಕ್ಕೆ ಲೆಕ್ಕ ಮಾಡಿ ಅಳತೆಗಳನ್ನು ಬರೆದಿದ್ದ. ನಾನು ಸಹಿ ಹಾಕಿ ಪೂರ್ತಿ ಅಂಕ ಕೊಟ್ಟೆ. ನಾನು ವಿದ್ಯಾರ್ಥಿಯಾಗಿದ್ದಾಗ ನಾನೂ ಹೀಗೇ ಮಾಡಿದ್ದೆ. ಇದನ್ನು ಓದುತ್ತಿರುವ ತಂದೆ ತಾಯಿಯರಲ್ಲಿ ಕೆಲವರಾದರೂ ಈಗ ಮೀಸೆಯೊಳಗೇ ನಗುತ್ತಿರಬಹುದು.

ಎಷ್ಟೋ ವರ್ಷಗಳ ಮೇಲೆ, ಒಂದು ನಾಗರಪಂಚಮಿಗೆ ನಂಟರ ಊರಿಗೆ ಹೋಗಿದ್ದೆವು. ಮರಕ್ಕೆ ಜೋಕಾಲಿ ಕಟ್ಟಿದ್ದರು. "ಅಜ್ಜ, ಇಪ್ಪತ್ತು ಸಲ ತೂಗಬೇಕು" ಎಂದು ಮೊಮ್ಮಗಳು ಹತ್ತಿ ಕುಳಿತಳು. ನಾನು ತಳ್ಳುತ್ತಲೇ "ಒಂದು" ಎಂದು ಎಣಿಸತೊಡಗಿದೆ. "ಇಪ್ಪತ್ತು" ಎಂದು ನಿಲ್ಲಿಸಿದಾಗ ಪಕ್ಕದಲ್ಲಿ ತನ್ನ ಸರದಿಗೆ ಕಾಯುತ್ತಿದ್ದ ಅವಳ ಅಣ್ಣ, "ಹತ್ತೊಂಬತ್ತೇ ಆಯಿತು ಅಜ್ಜ, ಮೊದಲನೆಯದು ಹೋಗಿ ಬರುವ ಮೊದಲೇ ನೀವು ಒಂದು ಅಂದಿರಿ" ಎಂದ. ಹುಡುಗ ಹೇಳಿದ್ದು ಸರಿ. ಬೇಲಿಗೆ 20 ಕಂಬ ನೆಟ್ಟರೆ ನಡುವಿನ ಸಂದುಗಳು 19 ತಾನೆ? ಬಿಡುವಾಗ 'ಸೊನ್ನೆ' ಎನ್ನಬೇಕು. ಹೋಗಿ ಬಂದ ಮೇಲೆ 'ಒಂದು'.

ಆ ಕ್ಷಣ ನನಗೆ ಕೆಂಪು ಶಾಯಿಯ ಸುತ್ತು ನೆನಪಾಯಿತು. ರಾತ್ರಿ ಕಾಗದ ತೆಗೆದು ಲೆಕ್ಕ ಹಾಕಿದೆ. 19 ತೂಗಾಟವನ್ನು 20 ಎಂದು ಎಣಿಸಿದರೆ ಒಂದು ತೂಗಾಟದ ಅವಧಿ ನಿಜಕ್ಕಿಂತ ಕಡಿಮೆ ಬರುತ್ತದೆ. ಲೆಕ್ಕದಲ್ಲಿ ಅವಧಿಯ ವರ್ಗ ಕೆಳಗೆ ಕೂರುವುದರಿಂದ ಉತ್ತರ ಹೆಚ್ಚಾಗುತ್ತದೆ. 9.8ನ್ನು 20ರ ವರ್ಗ 400ರಿಂದ ಗುಣಿಸಿ, 19ರ ವರ್ಗ 361ರಿಂದ ಭಾಗಿಸಿ ನೋಡಿ. ಬರುವುದು 10.86.

ಆ ಹುಡುಗ ದಾರವನ್ನು ಸರಿಯಾಗಿ ಅಳೆದಿದ್ದ. ಗಡಿಯಾರವನ್ನು ಸರಿಯಾಗಿ ಓದಿದ್ದ. ಗುಣಾಕಾರ ಭಾಗಾಕಾರವೆಲ್ಲ ಸರಿ. ಅವನ ತಪ್ಪು 'ಸೊನ್ನೆ' ಎನ್ನುವ ಕಡೆ 'ಒಂದು' ಎಂದದ್ದು ಮಾತ್ರ. ಅವನನ್ನು ನನ್ನೆದುರು ನಿಲ್ಲಿಸಿಕೊಂಡು, "ಎಲ್ಲಿ, ಎಣಿಸಿ ತೋರಿಸು" ಎಂದಿದ್ದರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತಿತ್ತು. ನಾನು ಹೇಳಲಿಲ್ಲ. ಅವನು ಆ ದಿನ ನನ್ನಿಂದ ಕಲಿತದ್ದು ಒಂದೇ: ಕಣ್ಣಿಗೆ ಕಂಡದ್ದಕ್ಕಿಂತ ಪುಸ್ತಕದಲ್ಲಿರುವುದೇ ನಿಜ, ಎರಡೂ ಕೂಡದಿದ್ದರೆ ಕಂಡದ್ದನ್ನು ತಿದ್ದಬೇಕು. ವಿಜ್ಞಾನಕ್ಕೆ ಇದಕ್ಕಿಂತ ವಿರುದ್ಧವಾದ ಪಾಠ ಇನ್ನೊಂದಿಲ್ಲ.

ಇಲ್ಲದಿದ್ದುದು ಯಾವುದು?

ಅವನಿಗೆ ಸೂತ್ರ ಗೊತ್ತಿತ್ತು. ನನಗಂತೂ ನಿದ್ದೆಯಲ್ಲೂ ಗೊತ್ತಿತ್ತು. ಇಬ್ಬರಿಗೂ ಇಲ್ಲದಿದ್ದುದು ಬೇರೆ. ಒಂದು ಮೀಟರ್ ಉದ್ದದ ಲೋಲಕ ಒಮ್ಮೆ ಹೋಗಿ ಬರಲು ಸರಿಸುಮಾರು 2 ಸೆಕೆಂಡು ತೆಗೆದುಕೊಳ್ಳುತ್ತದೆ. ಇದು ಮೈಗೆ ಹತ್ತಿದ ಮಾತಾಗಿದ್ದರೆ 38 ಎಂಬುದನ್ನು ನೋಡಿದ ಕೂಡಲೇ, "ಇಪ್ಪತ್ತಕ್ಕೆ 40 ಆಗಬೇಕಿತ್ತಲ್ಲ, 2 ಸೆಕೆಂಡು ಎಲ್ಲಿ ಹೋಯಿತು? ಓಹೋ, ಒಂದು ತೂಗಾಟ ಬಿಟ್ಟುಹೋಗಿದೆ" ಎನ್ನುತ್ತಿದ್ದೆವು. ಲೆಕ್ಕ ಮಾಡುವ ಅಗತ್ಯವೇ ಇರುತ್ತಿರಲಿಲ್ಲ.

ಈ ಅರಿವಿಗೆ ನಮ್ಮ ಹಿರಿಯರು ಕಣ್ಣಳತೆ, ಕೈಯಳತೆ ಎನ್ನುತ್ತಿದ್ದರು. ಇದೇನೂ ಹುಟ್ಟಿನಿಂದ ಬರುವ ವರವಲ್ಲ. ಸೈಕಲ್ ಅಂಗಡಿಯವರನ್ನು ನೋಡಿ. ಬಿಗಿದುಕೊಂಡ ನಟ್ಟು ಸಡಿಲವಾಗದಿದ್ದರೆ ಸ್ಪ್ಯಾನರಿನ ಹಿಡಿಗೆ ಒಂದು ಕೊಳವೆ ತೂರಿಸಿ, ಹಿಡಿಯನ್ನು ಉದ್ದ ಮಾಡಿಕೊಂಡು ತಿರುಗಿಸುತ್ತಾರೆ. ಬಲಕ್ಕೂ ದೂರಕ್ಕೂ ಇರುವ ಸಂಬಂಧವನ್ನು ಅವರಿಗೆ ಯಾರೂ ಕರಿಹಲಗೆಯ ಮೇಲೆ ಬರೆದು ತೋರಿಸಿಲ್ಲ. ನೂರಾರು ನಟ್ಟುಗಳು ಕಲಿಸಿವೆ.

ಪತ್ರ ಬರೆದ ತಾಯಿಗೂ ಈ ಅರಿವು ಇದ್ದೇ ಇದೆ. ದೋಸೆ ಹುಯ್ಯುವ ಮೊದಲು ಕಾವಲಿಯ ಮೇಲೆ ನೀರು ಚಿಮುಕಿಸುತ್ತೀರಲ್ಲ, ಏಕೆ? ಕಾವಲಿ ಹದವಾಗಿ ಕಾದಿದ್ದರೆ ಹನಿ ಚುರ್ರೆಂದು ಕ್ಷಣದಲ್ಲಿ ಆರುತ್ತದೆ. ಅತಿಯಾಗಿ ಕಾದಿದ್ದರೆ ಬೇಗ ಆರುವುದಿಲ್ಲ. ಮಣಿಯಂತೆ ದುಂಡಗಾಗಿ ಕಾವಲಿಯ ತುಂಬ ಓಡಾಡುತ್ತದೆ. ಹೆಚ್ಚು ಕಾದ ಕಾವಲಿಯ ಮೇಲೆ ಹನಿ ಹೆಚ್ಚು ಹೊತ್ತು ಉಳಿಯುತ್ತದೆ ಎಂದರೆ ನಂಬುವುದು ಕಷ್ಟ. ಹನಿಯ ತಳದ ನೀರು ತಟಕ್ಕನೆ ಆವಿಯಾಗಿ, ಆ ಆವಿಯ ಪದರವೇ ಹನಿಯನ್ನು ಮೇಲೆತ್ತಿ ಹಿಡಿಯುತ್ತದೆ. ಕಾವಲಿಯ ಶಾಖ ಹನಿಗೆ ನೇರವಾಗಿ ತಾಕುವುದಿಲ್ಲ. ಜರ್ಮನಿಯ ವೈದ್ಯ ಲೈಡನ್‌ಫ್ರಾಸ್ಟ್ 1756ರಲ್ಲಿ ಇದನ್ನು ವಿವರಿಸಿ ಬರೆದ. ಇಂದಿಗೂ ಈ ಪರಿಣಾಮಕ್ಕೆ ಅವನದೇ ಹೆಸರು. ನಮ್ಮ ಅಡಿಗೆಮನೆಗಳಲ್ಲಿ ಅದು ಹೆಸರಿಲ್ಲದೆಯೇ ದಿನವೂ ಬಳಕೆಯಲ್ಲಿದೆ.

ಅಂದರೆ ಮನೆಯಲ್ಲಿ ಭೌತಶಾಸ್ತ್ರ ಇದೆ, ಪುಸ್ತಕದಲ್ಲೂ ಇದೆ. ಇವೆರಡೂ ಒಂದೇ ಎಂಬುದು ಮಕ್ಕಳಿಗೆ ಗೊತ್ತಾಗುತ್ತಿಲ್ಲ.

ಈ ಕಾಯಿಲೆ ನಮ್ಮ ನಾಡಿಗಷ್ಟೇ ಸೀಮಿತವಲ್ಲ. ಅಮೆರಿಕದ ಪ್ರಸಿದ್ಧ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ 1950ರ ದಶಕದ ಆರಂಭದಲ್ಲಿ ಬ್ರೆಜಿಲ್ ದೇಶದಲ್ಲಿ ಕೆಲಕಾಲ ಪಾಠ ಮಾಡಿದರು. ಅಲ್ಲಿನ ವಿದ್ಯಾರ್ಥಿಗಳು ಬೆಳಕಿನ ಧ್ರುವೀಕರಣದ ನಿಯಮವನ್ನು ಅಕ್ಷರ ಬಿಡದೆ ಒಪ್ಪಿಸುತ್ತಿದ್ದರು. ಆದರೆ ಕಿಟಕಿಯಾಚೆ ಕಾಣುತ್ತಿದ್ದ ಕೊಲ್ಲಿಯ ನೀರಿನಿಂದ ಪ್ರತಿಫಲಿಸಿ ಬರುವ ಬೆಳಕು ಧ್ರುವೀಕೃತ ಎಂಬುದು ಅವರಿಗೆ ಹೊಳೆದಿರಲಿಲ್ಲ. ಪೋಲರಾಯ್ಡ್ ಹಾಳೆಯ ಮೂಲಕ ನೋಡಿಸಿದಾಗ ಬೆರಗಾದರು. 1985ರಲ್ಲಿ ಪ್ರಕಟವಾದ ತಮ್ಮ ನೆನಪುಗಳ ಪುಸ್ತಕದಲ್ಲಿ ಫೈನ್‌ಮನ್ ಇದನ್ನು ಬರೆದಿದ್ದಾರೆ. ಆ ವಿದ್ಯಾರ್ಥಿಗಳು ದಡ್ಡರಲ್ಲ. ನೀರು, ಬೆಳಕು ಎಂಬ ಮಾತುಗಳು ನಿಜವಾದ ನೀರನ್ನು, ನಿಜವಾದ ಬೆಳಕನ್ನು ಕುರಿತವು ಎಂದು ಯಾರೂ ಅವರಿಗೆ ತೋರಿಸಿಕೊಟ್ಟಿರಲಿಲ್ಲ, ಅಷ್ಟೆ.

ಮೊದಲು ಊಹಿಸಿ, ಆಮೇಲೆ ಅಳೆಯಿರಿ

ಹಾಗಾದರೆ ಕೈಯಳತೆ ಬರುವುದು ಹೇಗೆ? ವಸ್ತುಗಳ ಜೊತೆ ಆಡಿದರೆ ಸಾಕೆ? ಸಾಲದು. ಇಷ್ಟು ವರ್ಷಗಳಲ್ಲಿ ನಾನು ಕಂಡುಕೊಂಡ ಕ್ರಮ ಬಹಳ ಸರಳವಾದದ್ದು. ಪ್ರಯೋಗಕ್ಕೆ ಮೊದಲು ಉತ್ತರವನ್ನು ಊಹಿಸಬೇಕು. 'ಹೆಚ್ಚು', 'ಕಡಿಮೆ' ಎಂದಲ್ಲ, ಸಂಖ್ಯೆಯಲ್ಲೇ. ಅದನ್ನು ಕಾಗದದ ಮೇಲೆ ಬರೆದಿಡಬೇಕು. ಬರೆಯದಿದ್ದರೆ ನಮ್ಮ ಮನಸ್ಸು ಆಮೇಲೆ 'ನಾನೂ ಹಾಗೇ ಅಂದುಕೊಂಡಿದ್ದೆ' ಎಂದು ಸುಳ್ಳು ಹೇಳುತ್ತದೆ. ಬಳಿಕ ಅಳೆಯಬೇಕು. ಊಹೆಗೂ ಅಳತೆಗೂ ಅಂತರ ಬಂದರೆ, ಅದು ಏಕೆಂದು ತಿಳಿಯುವವರೆಗೆ ಬಿಡಬಾರದು. ಊಹೆ ತಪ್ಪಿದಾಗ ನಾಚಬೇಕಾಗಿಲ್ಲ. ತಪ್ಪಿದ ಊಹೆಯೇ ಕಲಿಸುವುದು.

ಲೋಲಕದಿಂದಲೇ ಆರಂಭಿಸಿ. ಗುಂಡು ಇಲ್ಲದಿದ್ದರೆ ಒಂದು ನಟ್ಟು ಅಥವಾ ಸಣ್ಣ ಬೀಗ ಸಾಕು. ಗಟ್ಟಿ ದಾರಕ್ಕೆ ಕಟ್ಟಿ ಬಾಗಿಲ ಚೌಕಟ್ಟಿನ ಮೊಳೆಗೆ ತೂಗುಹಾಕಿ. ಮೊಳೆಯಿಂದ ಬೀಗದ ನಡುಮಧ್ಯದವರೆಗೆ 1 ಮೀಟರ್ ಇರಲಿ. 20 ತೂಗಾಟಕ್ಕೆ 40 ಸೆಕೆಂಡು ಬರುತ್ತದೆ. ಈಗ ಮಗನನ್ನೋ ಮಗಳನ್ನೋ ಕೇಳಿ: "ದಾರವನ್ನು ಅರ್ಧ ಮಾಡಿದರೆ ಎಷ್ಟು ಸೆಕೆಂಡು?" ಹೆಚ್ಚಿನವರು 20 ಎನ್ನುತ್ತಾರೆ. ಸೂತ್ರ ಬಾಯಿಪಾಠ ಇದ್ದವರೂ ಅವಸರದಲ್ಲಿ ಹಾಗೇ ಎನ್ನುತ್ತಾರೆ. ಅಳೆದರೆ 28 ಚಿಲ್ಲರೆ. ಹಾಗಾದರೆ 20 ಬರಬೇಕಾದರೆ ದಾರ ಎಷ್ಟಿರಬೇಕು? ಕಡಿಮೆ ಮಾಡುತ್ತ ಹೋಗಲಿ, ತಾವೇ ಹುಡುಕಲಿ. ಕೊನೆಗೆ 25 ಸೆಂಟಿಮೀಟರಿಗೆ ಬಂದು ನಿಲ್ಲುತ್ತಾರೆ. ಕಾಲ ಅರ್ಧವಾಗಲು ಉದ್ದ ಕಾಲು ಭಾಗವಾಗಬೇಕು. ಪುಸ್ತಕದಲ್ಲಿ 'ಉದ್ದದ ವರ್ಗಮೂಲಕ್ಕೆ ಅನುಪಾತದಲ್ಲಿ' ಎಂದು ಒಣಗಿ ಕೂತಿದ್ದ ವಾಕ್ಯ ಇದೇ.

ಬೀಗದ ಬದಲು ಅದಕ್ಕಿಂತ ಭಾರದ ಬೀಗ ಕಟ್ಟಿದರೆ? ಮೊದಲು ಊಹಿಸಿ, ಬರೆದಿಡಿ, ಆಮೇಲೆ ನೋಡಿ. ಉತ್ತರವನ್ನು ನಾನು ಇಲ್ಲಿ ಹೇಳುವುದಿಲ್ಲ.

ಒಮ್ಮೆ ಇದು ಕೈಗೆ ಹತ್ತಿದರೆ ಜೋಕಾಲಿಯ ಉದ್ದವನ್ನು ಏಣಿ ಹತ್ತದೆಯೇ ಹೇಳಬಹುದು. ಮೆಲ್ಲಗೆ ತೂಗುತ್ತಿರುವಾಗ ಒಂದು ಸಲ ಹೋಗಿ ಬರಲು ಎಷ್ಟು ಸೆಕೆಂಡೆಂದು ನೋಡಿ. ಆ ಸಂಖ್ಯೆಯನ್ನು ಅದರಿಂದಲೇ ಗುಣಿಸಿ 4ರಿಂದ ಭಾಗಿಸಿ. ಕೊಂಬೆಯಿಂದ, ಕುಳಿತವರ ಸೊಂಟದ ಆಸುಪಾಸಿನವರೆಗಿನ ಉದ್ದ ಮೀಟರಿನಲ್ಲಿ ಸಿಗುತ್ತದೆ. 4 ಸೆಕೆಂಡಾದರೆ 4 ಮೀಟರ್. ಜೋಕಾಲಿಯಲ್ಲಿ ಎದ್ದು ನಿಂತರೆ ತೂಗಾಟ ಕೊಂಚ ಚುರುಕಾಗುವುದೇಕೆ ಎಂಬುದೂ ಈಗ ನಿಮಗೆ ಹೊಳೆದಿರಬೇಕು. ನಿಂತಾಗ ದೇಹದ ಭಾರದ ನಡು ಮೇಲೇರಿತು, ಲೋಲಕ ಗಿಡ್ಡವಾಯಿತು.

ನೂರರ ನೋಟು, ಅರುವತ್ತರ ವೇಗ

ಎರಡನೆಯದಕ್ಕೆ 30 ಸೆಂಟಿಮೀಟರಿನ ಸ್ಕೇಲು ಸಾಕು. ಒಬ್ಬರು ಅದನ್ನು ಮೇಲ್ತುದಿಯಲ್ಲಿ ಹಿಡಿದು ನೇರ ಇಳಿಬಿಡಲಿ. ಇನ್ನೊಬ್ಬರು ಸೊನ್ನೆಯ ಗುರುತಿನ ಬಳಿ ಹೆಬ್ಬೆರಳು ತೋರುಬೆರಳುಗಳನ್ನು ಸ್ಕೇಲಿಗೆ ತಾಗಿಸದೆ ಇಟ್ಟುಕೊಂಡಿರಲಿ. ಹೇಳದೆ ಕೇಳದೆ ಸ್ಕೇಲನ್ನು ಬಿಟ್ಟಾಗ ಹಿಡಿಯಬೇಕು. ಬೆರಳು 15 ಸೆಂಟಿಮೀಟರಿನ ಬಳಿ ಕಚ್ಚಿದರೆ ನಿಮಗೆ ಹಿಡಿದ ಕಾಲ ಸುಮಾರು 0.17 ಸೆಕೆಂಡು, 20ರ ಬಳಿಯಾದರೆ 0.2 ಸೆಕೆಂಡು, 30ರ ಬಳಿಯಾದರೆ 0.25. ಹೀಗೆ ಬೀಳುವ ಸ್ಕೇಲೇ ಗಡಿಯಾರವಾಗುತ್ತದೆ. ದೂರ ಇಮ್ಮಡಿಯಾದರೂ ಕಾಲ ಇಮ್ಮಡಿಯಾಗಿಲ್ಲ ಎಂಬುದನ್ನು ಗಮನಿಸಿ.

ಇದೇ ಆಟವನ್ನು ನೂರು ರೂಪಾಯಿ ನೋಟಿನಲ್ಲೂ ಆಡಬಹುದು. ಹೊಸ ನೋಟಿನ ಉದ್ದ 14.2 ಸೆಂಟಿಮೀಟರ್. ಬೆರಳುಗಳನ್ನು ನೋಟಿನ ನಡುವೆ ಇಟ್ಟುಕೊಂಡು, "ಹಿಡಿದರೆ ನಿನ್ನದೇ" ಎಂದು ಮಕ್ಕಳಿಗೆ ಹೇಳಿ. ಭಯಪಡಬೇಡಿ, ನೋಟು ಹೋಗುವುದಿಲ್ಲ. ಅರ್ಧ ನೋಟು ಬೆರಳ ನಡುವಿನಿಂದ ಜಾರಲು 0.12 ಸೆಕೆಂಡು ಸಾಕು. ಕಣ್ಣು ಕಂಡು, ಮಿದುಳಿಗೆ ತಿಳಿದು, ಬೆರಳು ಮಡಚಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಯಾರಾದರೂ ಹಿಡಿದರೆ ಅವರು ಬಿಡುವ ಕೈಯನ್ನು ನೋಡಿ ಮೊದಲೇ ಊಹಿಸಿದ್ದಾರೆ ಎಂದೇ ಅರ್ಥ.

ಆಟ ಇಲ್ಲಿಗೆ ಮುಗಿಯಬಾರದು. ದ್ವಿಚಕ್ರ ವಾಹನ ಬೇಕೆಂದು ಮನೆಯಲ್ಲಿ ಹಟ ಹಿಡಿದಿರುವ ಹುಡುಗರು ಮುಂದಿನ ಲೆಕ್ಕವನ್ನು ಮಾಡಲೇಬೇಕು. ಗಂಟೆಗೆ 60 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಕಾದು ಕುಳಿತು ಸ್ಕೇಲು ಹಿಡಿಯಲು 0.2 ಸೆಕೆಂಡು ಬೇಕಾದರೆ, ರಸ್ತೆಯಲ್ಲಿ ದಿಢೀರನೆ ದನ ಅಡ್ಡ ಬಂದಾಗ ಅದನ್ನು ಕಂಡು, ಅರಿತು, ಬ್ರೇಕ್ ಅದುಮಲು ಒಂದು ಸೆಕೆಂಡೇ ಬೇಕಾಗಬಹುದು. ಅಷ್ಟರಲ್ಲಿ ಬೈಕು 17 ಮೀಟರ್ ಮುಂದಿರುತ್ತದೆ. ಮನೆಯ ಮುಂದೆ ನಿಂತು 17 ಮೀಟರನ್ನು ಹೆಜ್ಜೆ ಹಾಕಿ ನೋಡಿ. ಹೆಚ್ಚುಕಡಿಮೆ 23 ಹೆಜ್ಜೆ. ಅಷ್ಟು ದೂರ ಬ್ರೇಕೇ ಬಿದ್ದಿರುವುದಿಲ್ಲ!

ಬ್ರೇಕ್ ಬಿದ್ದ ಮೇಲಿನ ದೂರ ಬೇರೆ. ಒಣಗಿದ ಒಳ್ಳೆಯ ರಸ್ತೆಯಲ್ಲಿ 30ರ ವೇಗದಿಂದ ನಿಲ್ಲಲು ಸುಮಾರು 5 ಮೀಟರ್ ಬೇಕಾದರೆ, 60ರ ವೇಗದಿಂದ ನಿಲ್ಲಲು 10 ಅಲ್ಲ, 20 ಮೀಟರ್ ಬೇಕು. ವೇಗ ಇಮ್ಮಡಿಯಾದರೆ ಚಲನಶಕ್ತಿ ನಾಲ್ಮಡಿ. ಈ ಸೂತ್ರ ಪರೀಕ್ಷೆಯಲ್ಲಿ ತಪ್ಪಿದರೆ ಎರಡು ಅಂಕ ಹೋಗುತ್ತದೆ. ರಸ್ತೆಯಲ್ಲಿ ತಪ್ಪಿದರೆ ಹೋಗುವುದು ಬೇರೆ. ಅದಕ್ಕೇ ಹೇಳಿದೆ, ಇದು ಕಾಲಿಗೆ ಗೊತ್ತಿರಬೇಕು, ಹೆಜ್ಜೆಗಳಲ್ಲಿ ಗೊತ್ತಿರಬೇಕು.

ಕೈಯೂ ಸುಳ್ಳು ಹೇಳುತ್ತದೆ

ಇಲ್ಲಿ ಒಂದು ಎಚ್ಚರಿಕೆ. 'ಪುಸ್ತಕವೇ ಬೇಡ, ಅನುಭವವೇ ಗುರು' ಎಂದು ಯಾರಾದರೂ ಹೇಳಿದರೆ ಅದನ್ನೂ ನಂಬಬೇಡಿ. ಬೆಳಗಿನ ಜಾವ ಅಡಿಗೆಮನೆಯಲ್ಲಿ ಸ್ಟೀಲಿನ ತಟ್ಟೆಯನ್ನೂ ಮರದ ಮಣೆಯನ್ನೂ ಮುಟ್ಟಿ ನೋಡಿ. ತಟ್ಟೆ ತಣ್ಣಗೆ ಕೊರೆಯುತ್ತದೆ, ಮಣೆ ಬೆಚ್ಚಗಿದೆ. ರಾತ್ರಿಯೆಲ್ಲ ಒಂದೇ ಕೋಣೆಯಲ್ಲಿದ್ದ ಇವೆರಡರ ಉಷ್ಣತೆ ಒಂದೇ. ಕೈ ಹೇಳಿದ್ದು ಸುಳ್ಳು.

ಈಗ ಒಂದೇ ಗಾತ್ರದ ಎರಡು ಮಂಜುಗಡ್ಡೆಯ ತುಂಡುಗಳಲ್ಲಿ ಒಂದನ್ನು ತಟ್ಟೆಯ ಮೇಲೆ, ಇನ್ನೊಂದನ್ನು ಮಣೆಯ ಮೇಲೆ ಇಡಿ. ಯಾವುದು ಮೊದಲು ಕರಗುತ್ತದೆ? ಮನೆಯವರೆಲ್ಲರ ಊಹೆಯನ್ನು ಬರೆದಿಡಿ. ಬೆಚ್ಚಗಿನ ಮಣೆಯ ಮೇಲಿನದೇ ಎಂದು ಬಹಳ ಮಂದಿ ಹೇಳುತ್ತಾರೆ. ನೋಡನೋಡುತ್ತಿದ್ದಂತೆ ತಟ್ಟೆಯ ಮೇಲಿನದು ಕರಗಿ ಹರಿಯುತ್ತದೆ. ಲೋಹ ಶಾಖವನ್ನು ಬೇಗ ಸಾಗಿಸುತ್ತದೆ. ನಿಮ್ಮ ಕೈಯ ಶಾಖವನ್ನು ಬೇಗ ಎಳೆದುಕೊಂಡದ್ದರಿಂದ ತಣ್ಣಗೆನಿಸಿತು. ಸುತ್ತಲಿನ ಶಾಖವನ್ನು ಮಂಜಿಗೆ ಬೇಗ ಕೊಟ್ಟದ್ದರಿಂದ ಮಂಜು ಕರಗಿತು. ಎರಡಕ್ಕೂ ಕಾರಣ ಒಂದೇ. ಕೈಗೆ ತಿಳಿಯುವುದು ಉಷ್ಣತೆಯಲ್ಲ, ಶಾಖ ಹರಿಯುವ ವೇಗ. ಇದನ್ನು ಬಿಡಿಸಿ ಹೇಳುವುದು ಪುಸ್ತಕ. ಕೈ ಪ್ರಶ್ನೆ ಹುಟ್ಟಿಸುತ್ತದೆ, ಪುಸ್ತಕ ಅದನ್ನು ತಿದ್ದುತ್ತದೆ, ತಿದ್ದಿದ್ದು ಸರಿಯೇ ಎಂದು ನೋಡಲು ಮತ್ತೆ ಕೈಯೇ ಬೇಕು.

'ಇದೆಲ್ಲ ದುಡ್ಡಿರುವ ಶಾಲೆಗಳಿಗೆ' ಎನ್ನುವವರಿಗೆ ಹೋಶಂಗಾಬಾದಿನ ನೆನಪು ಮಾಡಿಕೊಡಬೇಕು. ಮಧ್ಯಪ್ರದೇಶದ ಆ ಜಿಲ್ಲೆಯ 16 ಶಾಲೆಗಳಲ್ಲಿ 1972ರಲ್ಲಿ ವಿಜ್ಞಾನವನ್ನು ಪ್ರಯೋಗಗಳ ಮೂಲಕವೇ ಕಲಿಸುವ ಕಾರ್ಯಕ್ರಮ ಆರಂಭವಾಯಿತು. ಹಳ್ಳಿಯ ಸರ್ಕಾರಿ ಶಾಲೆಗಳ 6ರಿಂದ 8ನೆಯ ತರಗತಿಯ ಮಕ್ಕಳು ಗುಂಪಾಗಿ ಕುಳಿತು ಅಳೆದರು, ಬರೆದರು, ವಾದಿಸಿದರು. ಪರೀಕ್ಷೆಯಲ್ಲಿ ಪುಸ್ತಕ ತೆರೆದಿಟ್ಟುಕೊಳ್ಳಬಹುದಿತ್ತು. ಪುಸ್ತಕದಲ್ಲಿ ಉತ್ತರ ಇರುತ್ತಿರಲಿಲ್ಲ, ಅಷ್ಟೆ. ಬೆಂಕಿಕಡ್ಡಿಗಳನ್ನು ಸೈಕಲ್ಲಿನ ವಾಲ್ವ್ ಟ್ಯೂಬಿನ ತುಂಡುಗಳಿಂದ ಜೋಡಿಸಿ ಆಕೃತಿಗಳನ್ನು ಕಟ್ಟುವ ಅರವಿಂದ ಗುಪ್ತ ಅವರ ಆಟಿಕೆಗಳು ರೂಪುಗೊಂಡದ್ದೂ 1978ರ ಸುಮಾರಿಗೆ ಇದೇ ಕಾರ್ಯಕ್ರಮದ ನಂಟಿನಲ್ಲಿ. ಮೂವತ್ತು ವರ್ಷ ನಡೆದು, ನೂರಾರು ಶಾಲೆಗಳಿಗೆ ಹಬ್ಬಿದ್ದ ಈ ಕೆಲಸವನ್ನು ರಾಜ್ಯ ಸರ್ಕಾರ 2002ರಲ್ಲಿ ನಿಲ್ಲಿಸಿತು. ಆದರೆ ಬೆಂಕಿಕಡ್ಡಿ, ದಾರ, ಸ್ಕೇಲುಗಳನ್ನು ನಮ್ಮ ಮನೆಗಳಿಂದ ಯಾವ ಆದೇಶವೂ ಹಿಂತೆಗೆದುಕೊಳ್ಳಲಾರದು.

ಆ ತಾಯಿಗೆ

ಈಗ ಪತ್ರಕ್ಕೆ ಉತ್ತರ. ಅಮ್ಮಾ, ಡಬ್ಬವನ್ನು ಇಳಿಸಿ.

ನೀವು ಮಾಡಿದ್ದು ಅಪರಾಧವೇನಲ್ಲ. ಮಗಳ ಒಳ್ಳೆಯದಕ್ಕೆಂದೇ ಮಾಡಿದಿರಿ. ಕೆಂಪು ಶಾಯಿಯ ಪೆನ್ನು ಹಿಡಿದಿದ್ದ ನನಗಿಂತ ನೀವು ವಾಸಿ. ನಿಮಗೆ ಆ ರಾತ್ರಿಯೇ ನಿದ್ದೆ ಬರಲಿಲ್ಲ, ನನಗೆ ತಿಳಿಯಲು ಎಷ್ಟೋ ವರ್ಷ ಹಿಡಿಯಿತು. ಡಬ್ಬ ಇಳಿಸಿದರೆ ಮುಂದಿನ ಪರೀಕ್ಷೆಯಲ್ಲಿ ಅಂಕ ಹೆಚ್ಚುತ್ತದೆಂದು ನಾನು ಭರವಸೆ ಕೊಡಲಾರೆ. ಹಾಗೆ ಯಾರಾದರೂ ಹೇಳಿದರೆ ನಂಬಲೂ ಬೇಡಿ. ಇಷ್ಟು ಹೇಳಬಲ್ಲೆ: ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸುವ ಪರೀಕ್ಷೆಗಳಲ್ಲಿ 'ಇದು ಇಷ್ಟು ದೊಡ್ಡದಿರಲು ಸಾಧ್ಯವೇ ಇಲ್ಲ' ಎಂದು ಕೂಡಲೇ ಅನ್ನಿಸುವವರಿಗೆ ಅನುಕೂಲವಿದೆ. ಹಾಗೆ ಅನ್ನಿಸುವುದು ಅಳೆದು ಅಳೆದು ಬರುವ ಗುಣ. ವಾರಕ್ಕೆ ಒಂದು ಗಂಟೆ, ಭಾನುವಾರ ಮಧ್ಯಾಹ್ನ ಕೊಡಿ. ಅದರಿಂದ ಓದು ಕೆಡುವುದಿಲ್ಲ.

ಕೆಲವು ಕಟ್ಟುಪಾಡುಗಳಿರಲಿ. ಗೋಡೆಯ ಪ್ಲಗ್ಗಿಗೆ ಕೈ ಹಾಕಬಾರದು. ಟಾರ್ಚಿನ ಸೆಲ್ಲು ಸಾಕು. ಕೆಟ್ಟ ಟಿ.ವಿ., ಯು.ಪಿ.ಎಸ್. ಬಿಚ್ಚಬಾರದು, ಪ್ಲಗ್ ತೆಗೆದ ಮೇಲೂ ಅವುಗಳೊಳಗೆ ಅಪಾಯ ಉಳಿದಿರುತ್ತದೆ. ಬಾವಿಕಟ್ಟೆ, ತಾರಸಿಯ ಅಂಚು ಪ್ರಯೋಗದ ಜಾಗಗಳಲ್ಲ. ಬೆಂಗಳೂರಿಗೆ ಬಂದಾಗ ವಿಶ್ವೇಶ್ವರಯ್ಯ ವಸ್ತು ಸಂಗ್ರಹಾಲಯಕ್ಕೆ ಕರೆತನ್ನಿ. ಆದರೆ ಒಂದೇ ದಿನ ಎಲ್ಲ ಗುಂಡಿಗಳನ್ನು ಒತ್ತಿ ಓಡುವುದು ಬೇಡ. ನಾಲ್ಕೇ ಮಾದರಿಗಳ ಮುಂದೆ ನಿಂತು, ಗುಂಡಿ ಒತ್ತುವ ಮೊದಲು 'ಏನಾದೀತು' ಎಂದು ಊಹಿಸಿದರೆ ಬಂದದ್ದು ಸಾರ್ಥಕ.

ಕುಕ್ಕರಿನ ವೆಯ್ಟಿನ ಪ್ರಶ್ನೆಗೆ ನಾನು ಉತ್ತರ ಬರೆಯುವುದಿಲ್ಲ. ಅದು ತಮ್ಮ ಅಕ್ಕನಿಗೆ ಕೇಳಿದ್ದು, ಅಕ್ಕನೇ ಹೇಳಲಿ. ದಾರಿ ಮಾತ್ರ ತೋರಿಸುತ್ತೇನೆ. ಕುಕ್ಕರ್ ಪೂರ್ತಿ ತಣ್ಣಗಿರುವಾಗ ವೆಯ್ಟನ್ನು ತೆಗೆದು, ಚಿನ್ನಬೆಳ್ಳಿ ಅಂಗಡಿಯ ತಕ್ಕಡಿಯಲ್ಲಿ ಗ್ರಾಂ ಲೆಕ್ಕದಲ್ಲಿ ತೂಗಿಸಿ ತರಲಿ. ಮುಚ್ಚಳದ ನಳಿಗೆಯ ರಂಧ್ರದ ಅಡ್ಡಳತೆಯನ್ನು ಅಳೆದು ವಿಸ್ತೀರ್ಣ ಕಂಡುಹಿಡಿಯಲಿ. ತೂಕವನ್ನು ವಿಸ್ತೀರ್ಣದಿಂದ ಭಾಗಿಸಲಿ. ಮನೆಗಳ ಸಾಮಾನ್ಯ ಕುಕ್ಕರಾದರೆ ಚದರ ಸೆಂಟಿಮೀಟರಿಗೆ 1 ಕೆ.ಜಿ.ಯ ಆಸುಪಾಸು ಬರಬೇಕು. ಒಳಗಿನ ಆವಿ ಹೊರಗಿನ ಗಾಳಿಗಿಂತ ಅಷ್ಟು ಹೆಚ್ಚು ಒತ್ತಡಕ್ಕೆ ಏರಿದಾಗಲೇ ವೆಯ್ಟು ಏಳುವುದು. ಒಳಗಿನ ನೀರು ಕುದಿಯುವುದು ಆಗ 100 ಡಿಗ್ರಿಯಲ್ಲಲ್ಲ, ಸುಮಾರು 120 ಡಿಗ್ರಿಯಲ್ಲಿ. ಅನ್ನ ಬೇಗ ಬೇಯುವುದೇಕೆಂದು ಇನ್ನು ಹೇಳಬೇಕೆ?

ಉತ್ತರ 1 ಕೆ.ಜಿ. ಬಾರದೆ 1.4 ಬಂದೀತು, 0.7 ಬಂದೀತು. ರಂಧ್ರ ತೀರ ಸಣ್ಣದು. ಅದರ ಅಳತೆಯಲ್ಲಿ ಅರ್ಧ ಮಿಲಿಮೀಟರ್ ತಪ್ಪಿದರೂ ಉತ್ತರ ಎಲ್ಲೋ ಹೋಗುತ್ತದೆ. ಹಾಗೆ ಬಂದರೆ ದಯವಿಟ್ಟು ಯಾರೂ ಕೆಂಪು ಶಾಯಿಯಲ್ಲಿ ಸುತ್ತು ಹಾಕಬೇಡಿ, ಅಳಿಸಿ 1 ಎಂದು ಬರೆಯಲೂ ಬೇಡಿ. ಬಂದದ್ದನ್ನು ಬಂದ ಹಾಗೆ ಬರೆದು, ಎಲ್ಲಿ ತಪ್ಪಿರಬಹುದೆಂದು ಅಕ್ಕ ತಮ್ಮ ಇಬ್ಬರೂ ಕೂತು ಯೋಚಿಸಲಿ. ಕಂಡುಕೊಂಡದ್ದನ್ನು ನನಗೂ ಬರೆಯಲಿ.

ಆ ಹುಡುಗ ಈಗ ಎಲ್ಲಿದ್ದಾನೋ ತಿಳಿಯದು. ಅವನಿಗೂ ಪಿಯುಸಿ ಓದುವ ಮಕ್ಕಳಿರಬಹುದು. ಈ ಪುಟ ಅವನ ಕಣ್ಣಿಗೆ ಬಿದ್ದರೆ ಹೇಳಬೇಕಾದದ್ದು ಇಷ್ಟೆ: ನಿನ್ನ 10.86 ಸುಳ್ಳಲ್ಲ, ಅದು ನೀನು ಕಂಡದ್ದೇ. ಮಕ್ಕಳಿಗೆ ಲೋಲಕ ಕಟ್ಟಿಕೊಡುವಾಗ ಎಣಿಕೆಯನ್ನು ಮಾತ್ರ ಸೊನ್ನೆಯಿಂದ ಶುರುಮಾಡಲು ಹೇಳು.